ಬೆಳವಣಿಗೆಗೆ ಕಡಿವಾಣ

ದೇಹವನ್ನು ಬೆಳೆಸುವ ವಸ್ತುಗಳನ್ನು ನಾವು ಕೊಂಡಾಡುತ್ತೇವೆ; ಅವನ್ನು ಹಿಡಿದಿಡುವ ವಸ್ತುಗಳನ್ನು ಮರೆಯುತ್ತೇವೆ. ಇದು ಸರಿಯಲ್ಲ. 1957ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದ ಸಂಶೋಧಕರು ರಕ್ತದಲ್ಲಿ ಸುಳಿವು ಕಂಡ, ಇಂದು ಐ.ಜಿ.ಎಫ್.-1 ಎನಿಸಿರುವ ವರ್ಧಕವನ್ನೇ ನೋಡಿರಿ. ಅದು ಜೀವಕೋಶದ ಹೊರಪೊರೆಯ ಗ್ರಾಹಕವನ್ನು ಸೇರಿದರೆ ಕೋಶವು ತನ್ನ ಡಿ.ಎನ್.ಎ.ಯನ್ನು ಇಮ್ಮಡಿಸಿ ವಿಭಜನೆಗೆ ಅಣಿಯಾಗುತ್ತದೆ. ಆದರೆ ರಕ್ತದಲ್ಲಿ ಅದು ಒಂಟಿಯಾಗಿರುವುದು ಅತ್ಯಲ್ಪ. ಆರು ಬಗೆಯ ಬಂಧಕ ಪ್ರೋಟೀನುಗಳು ಅದನ್ನು ಹಿಡಿದಿರುತ್ತವೆ. ಬಂಧಿತ ವರ್ಧಕವು ಗ್ರಾಹಕವನ್ನು ಸೇರಲಾರದು, ಡಿ.ಎನ್.ಎ. ತಯಾರಿಕೆಯೂ ತಗ್ಗುತ್ತದೆ.

ಬಂಧಕವು ಸೆರೆಮನೆಯೂ ಹೌದು, ಉಗ್ರಾಣವೂ ಹೌದು. ಒಂಟಿ ವರ್ಧಕವು ಸುಮಾರು 10 ನಿಮಿಷಗಳಲ್ಲಿ ಅರ್ಧಕ್ಕಿಳಿಯುತ್ತದೆ. ಬಂಧಿತವಾದುದು ಹಲವು ಗಂಟೆ ಬಾಳುತ್ತದೆ. ಕಿಣ್ವಗಳು ಬಂಧಕವನ್ನು ಕತ್ತರಿಸಿದಾಗ ಅದು ಬಿಡುಗಡೆ ಹೊಂದುತ್ತದೆ. ವಿಭಜನೆ ಹಿಡಿತ ತಪ್ಪಿದರೆ ಅರ್ಬುದರೋಗ. ಆದುದರಿಂದ ಬೆಳವಣಿಗೆಯನ್ನು ಓದುವ ವಿದ್ಯಾರ್ಥಿಯು ಅದರ ನಿಗ್ರಹವನ್ನೂ ಅಷ್ಟೇ ಶ್ರದ್ಧೆಯಿಂದ ಓದಬೇಕು.