ಶಾಲೆಯ ಮೊದಲ ಪಾಲು

ಗೃಹಸ್ಥನು ತಿಂಗಳ ಆದಾಯವನ್ನು ಎರಡು ಬಗೆಯಾಗಿ ಹಂಚಬಹುದು. ದಿನಸಿ, ಬಾಡಿಗೆ, ಮಕ್ಕಳ ಓದು ಇವುಗಳ ಪಾಲನ್ನು ಮೊದಲೇ ಎತ್ತಿಟ್ಟು ಉಳಿದುದರಲ್ಲಿ ಮಿಕ್ಕ ವೆಚ್ಚವನ್ನು ನಡೆಸುವುದು ಒಂದು ಬಗೆ. ಎಲ್ಲ ವೆಚ್ಚಗಳೂ ತೀರಿದ ಮೇಲೆ ಏನಾದರೂ ಉಳಿದರೆ ಮಕ್ಕಳ ಓದಿಗೆ ಕೊಡುವುದು ಇನ್ನೊಂದು. ಎರಡನೆಯ ಮನೆಯ ಯಜಮಾನನಿಗೆ ಮಕ್ಕಳ ಮೇಲೆ ಪ್ರೀತಿಯಿಲ್ಲವೆಂದು ನಾವು ಹೇಳಲಾರೆವು. ಆದರೆ ಆ ಮಕ್ಕಳ ಓದು ವರ್ಷವರ್ಷವೂ ಅನಿಶ್ಚಿತವೇ ಸರಿ. ರಾಜ್ಯವೂ ಒಂದು ದೊಡ್ಡ ಸಂಸಾರ. ಅದು ಶಾಲೆ ಕಾಲೇಜುಗಳ ಪಾಲನ್ನು ಯಾವ ಬಗೆಯಲ್ಲಿ ಎತ್ತಿಡುತ್ತದೆಂಬುದನ್ನು ಈ ತಿಂಗಳು ವಿಚಾರಿಸೋಣ.

ನಾಗಾವಿಯೆಂಬ ಹೆಸರಿನ ಊರುಗಳು ನಮ್ಮ ನಾಡಿನಲ್ಲಿ ಒಂದಕ್ಕಿಂತ ಹೆಚ್ಚುಂಟು. ಗದಗಿನ ಬಳಿಯ ನಮ್ಮ ನಾಗಾವಿಯಲ್ಲಿ ಇಂದು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯವಿದೆ. ಕಲಬುರ್ಗಿ ಜಿಲ್ಲೆಯ ಚಿತ್ತಾಪುರ ತಾಲೂಕಿನ ನಾಗಾವಿಯಲ್ಲಾದರೋ ಚಾಲುಕ್ಯರ ಕಾಲದ ಘಟಿಕಾಸ್ಥಾನವಿತ್ತು. ಒಂದನೆಯ ಸೋಮೇಶ್ವರನ ದಂಡನಾಯಕನಾದ ಮಧುಸೂದನನು ಅದಕ್ಕೆ ಮಾಡಿದ ಏರ್ಪಾಡನ್ನು 1058ರ ಶಾಸನವು ತಿಳಿಸುತ್ತದೆ. ಅಲ್ಲಿಯ ಗ್ರಂಥಭಾಂಡಾರವನ್ನು ನೋಡಿಕೊಳ್ಳಲು ಆರು ಜನ ಸರಸ್ವತೀ ಭಂಡಾರಿಗರಿದ್ದರು. ಅಧ್ಯಾಪಕರ ಜೀವನಕ್ಕೆ ರಾಜನ ಸದ್ಭಾವವೊಂದನ್ನೇ ನಂಬದೆ ಭೂಮಿಯನ್ನು ವೃತ್ತಿಯಾಗಿ ಬಿಡಲಾಯಿತು. ಇಂತಹ ದಾನಗಳನ್ನು ಅಪಹರಿಸುವವನಿಗೆ ಶಾಪವನ್ನು ಬರೆಯುವ ರೂಢಿಯೂ ಆ ಕಾಲದ ಶಾಸನಗಳಲ್ಲಿ ಉಂಟು. ಹಣವು ಎಲ್ಲಿಂದ ಬರುವುದೆಂಬುದನ್ನು ಕಲ್ಲಿನ ಮೇಲೆ ಕೆತ್ತಿಸಿದ ಮೇಲೆಯೇ ಪಾಠವು ನಡೆಯುತ್ತಿತ್ತು.

ಅಷ್ಟು ಹಿಂದೆ ಹೋಗಬೇಕೆಂದೇನೂ ಇಲ್ಲ. ಗದಗ ತಾಲೂಕು ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಗೆ ಸೇರಿದ್ದ ಕಾಲದಲ್ಲಿ, 1869ರ ಕಾಯಿದೆಯ ಮೇರೆಗೆ, ರೈತನು ಭೂಕಂದಾಯದ ರೂಪಾಯಿಗೆ ಒಂದಾಣೆಯ ಲೋಕಲ್ ಫಂಡ್ ಪಟ್ಟಿಯನ್ನು ತೆರಬೇಕಾಗಿತ್ತು. ಅದರ ಮೂರು ಪಾಲುಗಳಲ್ಲಿ ಎರಡು ರಸ್ತೆ ಮೊದಲಾದವುಗಳಿಗೆ, ಒಂದು ಶಾಲೆಗೆ. ಎಂದರೆ ಕಂದಾಯದ ರೂಪಾಯಿಗೆ ನಾಲ್ಕು ಪೈ ಶಾಲೆಯದು. ಮೊತ್ತವು ಅಲ್ಪವೇ ಅಹುದು. ಆದರೆ ಅದರ ಮೂಲವೂ ಪ್ರಮಾಣವೂ ಗೊತ್ತಿದ್ದವು. ಬಳಿಕ 1923ರ ಮುಂಬಯಿ ಪ್ರಾಥಮಿಕ ಶಿಕ್ಷಣ ಕಾಯಿದೆಯು ಸರಕಾರದ ಪಾಲನ್ನೂ ಗೊತ್ತುಪಡಿಸಿತು: ಕಡ್ಡಾಯ ಶಿಕ್ಷಣದಿಂದ ಹೆಚ್ಚಾಗುವ ವಾರ್ಷಿಕ ವೆಚ್ಚದಲ್ಲಿ ಜಿಲ್ಲಾ ಲೋಕಲ್ ಬೋರ್ಡಿಗೆ ಮೂರರಲ್ಲಿ ಎರಡು ಪಾಲು, ಪುರಸಭೆಗೆ ಅರ್ಧ. ಆದರೆ ಯೋಜನೆಗೆ ಸರಕಾರದ ಮಂಜೂರಿ ಬೇಕು. ಮಂಜೂರಿಯಿಲ್ಲದಲ್ಲಿ ಪಾಲೂ ಇಲ್ಲ.

ಈಗಿನ ಸ್ಥಿತಿಯೇನು? 2002ರ ಸಂವಿಧಾನ ತಿದ್ದುಪಡಿಯು ಆರರಿಂದ ಹದಿನಾಲ್ಕು ವರ್ಷದ ಮಕ್ಕಳ ಶಿಕ್ಷಣವನ್ನು ಮೂಲಭೂತ ಹಕ್ಕನ್ನಾಗಿ ಮಾಡಿತು. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕಿನ ಕಾಯಿದೆಯ ಏಳನೆಯ ಕಲಮು ಹಣದ ಹೊಣೆಯನ್ನು ಕೇಂದ್ರ ಹಾಗೂ ರಾಜ್ಯ ಇಬ್ಬರ ಮೇಲೂ ಹೊರಿಸಿ, ಕಾಯಿದೆಯನ್ನು ನಡೆಸಲು ಬೇಕಾದ ಹಣವನ್ನು ಒದಗಿಸುವ ಭಾರವು ರಾಜ್ಯದ್ದೆಂದು ಹೇಳುತ್ತದೆ. ಕೆಳಗಿನ ತರಗತಿಗಳಲ್ಲಿ ಅರವತ್ತು ಮಕ್ಕಳವರೆಗೆ ಇಬ್ಬರು, ತೊಂಬತ್ತರವರೆಗೆ ಮೂವರು ಶಿಕ್ಷಕರೆಂಬ ಲೆಕ್ಕವೂ ಅದರಲ್ಲಿದೆ. ಆದರೆ ಬೊಕ್ಕಸದಲ್ಲಿ ಶಾಲೆಗೆ ಇಷ್ಟನೆಯ ಪಾಲು ಎಂಬ ಮಾತು ಮಾತ್ರ ಅಲ್ಲಿಲ್ಲ. ಸಮಗ್ರ ಶಿಕ್ಷಾ ಯೋಜನೆಯಲ್ಲಿ ಕೇಂದ್ರವು ನೂರಕ್ಕೆ 60, ಕರ್ನಾಟಕವು 40 ಕೊಡತಕ್ಕದ್ದು. ಕಾಯಿದೆಯಂತೆ ಇದು ಅಚಲವಲ್ಲ, ಯೋಜನೆಯ ಕಟ್ಟಳೆ ಮಾತ್ರ. ಕೊಠಾರಿ ಆಯೋಗವು 1966ರಲ್ಲಿ ರಾಷ್ಟ್ರೀಯ ಆದಾಯದ ನೂರಕ್ಕೆ ಆರು ಪಾಲನ್ನು ಶಿಕ್ಷಣಕ್ಕೆ ಕೇಳಿತು. 2020ರ ಶಿಕ್ಷಣ ನೀತಿಯೂ ಅದೇ ಆರನ್ನು ಜಪಿಸಿತು. ಗುರಿಯನ್ನು ಇನ್ನೂ ಮುಟ್ಟಿಲ್ಲ. ಕಾಲೇಜು, ವಿಶ್ವವಿದ್ಯಾಲಯಗಳಿಗಂತೂ ಇಂತಹ ಹಕ್ಕಿನ ಆಸರೆಯೂ ಇಲ್ಲ. ವರ್ಷವರ್ಷದ ಆಯವ್ಯಯವೇ ಗತಿ.

ಪಾಲನ್ನು ಗೊತ್ತುಪಡಿಸಿದರೆ ಎಲ್ಲವೂ ಸರಿಹೋಗುವುದೆ? ಅಮೇರಿಕೆಯ ಕ್ಯಾಲಿಫೋರ್ನಿಯಾದಲ್ಲಿ 1988ರಲ್ಲಿ ಮತದಾರರೇ ತಮ್ಮ ಸಂಸ್ಥಾನದ ಸಂವಿಧಾನವನ್ನು ತಿದ್ದಿ, ಶಾಲೆಗಳಿಗೂ ಸಾರ್ವಜನಿಕ ಎರಡು ವರ್ಷದ ಕಾಲೇಜುಗಳಿಗೂ ಕನಿಷ್ಠ ಪಾಲನ್ನು ಕಟ್ಟಿದರು. ಅದು ಬೊಕ್ಕಸದ ಸಾಮಾನ್ಯ ನಿಧಿಯಲ್ಲಿ ನೂರಕ್ಕೆ ಸುಮಾರು 40 ಆಗುತ್ತದೆ. ಅಲ್ಲಿಯೂ ಉಪಾಯಗಳುಂಟು. ಶಾಸನಸಭೆಯ ಮೂರರಲ್ಲಿ ಎರಡು ಪಾಲು ಸದಸ್ಯರು ಒಪ್ಪಿದರೆ ಆ ವರ್ಷದ ಮಟ್ಟಿಗೆ ಕಟ್ಟಳೆಯನ್ನು ಅಮಾನತಿನಲ್ಲಿಡಬಹುದು. 2004ರಲ್ಲಿಯೂ 2010ರಲ್ಲಿಯೂ ಹಾಗೆ ಮಾಡಿದರು. ಜೂನ್ ತಿಂಗಳ ಕಂತನ್ನು ಜುಲೈಗೆ ತಳ್ಳಿ, ಕಾಗದದ ಮೇಲೆ ಹೊಸ ವರ್ಷದ ವೆಚ್ಚವೆಂದು ತೋರಿಸಿದ್ದೂ ಉಂಟು. ಆದರೂ ಅಲ್ಲಿ ತಪ್ಪಿಸಿಕೊಳ್ಳಬೇಕಾದರೆ ಸಭೆಯ ಮುಂದೆ ಕೈಯೆತ್ತಬೇಕು. ಬಾಕಿಯು ಲೆಕ್ಕದಲ್ಲಿ ಉಳಿಯುತ್ತದೆ. ನಮ್ಮಲ್ಲಿ ಬಾಕಿಗೆ ಹೆಸರೇ ಇಲ್ಲ.

ಹೊತ್ತಿಗೊದಗದ ಹಣವೆಂದರೇನೆಂಬುದನ್ನು ನಾವು ಬಲ್ಲೆವು. ನಾವು ಪಾಠ ಹೇಳುತ್ತಿದ್ದ ಒಂದು ಹಳ್ಳಿಯಲ್ಲಿ ಮಾಳಿಗೆಯು ಆಷಾಢದಲ್ಲಿ ಸೋರಿತು. ದುರಸ್ತಿಯ ಹಣ ಮಾರ್ಚಿನ ಕೊನೆಯ ವಾರದಲ್ಲಿ ಬಂದಿತು. ಎರಡು ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ವರ್ಷವನ್ನು ಕಳೆದರು. ಲೆಕ್ಕದಲ್ಲಿ ಹೊಣೆ ತೀರಿತ್ತು. ಆ ಮಕ್ಕಳ ವರ್ಷ ಮಾತ್ರ ಹಿಂದಿರುಗಲಿಲ್ಲ.

ಆದುದರಿಂದ ಗೃಹಸ್ಥರಾದ ನಾವು ಮೂರು ಪ್ರಶ್ನೆಗಳನ್ನು ಕೇಳುವ ಅಭ್ಯಾಸ ಮಾಡಬೇಕು: ಎಷ್ಟು, ಯಾವ ಮೂಲದಿಂದ, ಯಾವ ದಿನಕ್ಕೆ? ಕೇಳುವ ಸ್ಥಳವೂ ದೂರವಿಲ್ಲ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ ಪಾಲಕರೇ ಹೆಚ್ಚಿನವರು. ಶಾಲೆಗೆ ಬಂದ ಹಣದ ಉಪಯೋಗವನ್ನು ನೋಡುವ ಅಧಿಕಾರವನ್ನು ಕಾಯಿದೆಯೇ ಇಂತಹ ಸಮಿತಿಗೆ ಕೊಟ್ಟಿದೆ. ನಮ್ಮ ಗೃಹಿಣಿಯರು ಮನೆಯ ಲೆಕ್ಕವನ್ನು ಇಡುವ ಜಾಣತನದಿಂದಲೇ ಅದರಲ್ಲಿ ಕುಳಿತು, ಬಂದ ಹಣವನ್ನೂ ಬಂದ ದಿನವನ್ನೂ ಠರಾವಿನ ಪುಸ್ತಕದಲ್ಲಿ ಬರೆಯಿಸಲಿ, ಬಾರದುದನ್ನೂ ಬರೆಯಿಸಲಿ.

ಓದಿದವನು ಮುಂದಿನವರಿಗೆ ಓದಿಸಿದಾಗಲೇ ಋಷಿಋಣ ತೀರುವುದೆಂದು ನಮ್ಮ ಹಿರಿಯರು ತಿಳಿದಿದ್ದರು. ಋಣವೆಂದರೆ ಮೊತ್ತವೂ ಅವಧಿಯೂ ಉಳ್ಳದ್ದು. ರಾಜ್ಯವು ಮಕ್ಕಳಿಗೆ ಕೊಡತಕ್ಕುದನ್ನು ದಾನವೆಂದು ಎಣಿಸದೆ ಋಣವೆಂದು ಎಣಿಸುವಂತೆ ಮಾಡುವುದು, ಕರವನ್ನು ತೆರುವ ನಮ್ಮ ಕೈಯಲ್ಲಿಯೇ ಇದೆ.