ಬಡವನ ಮಗನಿಗೂ ಆ ದಾರಿ ತೆರೆಯಲಿ

ಉಳ್ಳವರ ಮಗ ತಪ್ಪು ಮಾಡಿದರೆ ಅದು ಹುಡುಗಾಟ. ಕೂಲಿಯವನ ಮಗ ಅದೇ ತಪ್ಪು ಮಾಡಿದರೆ ಅದು ಕಳ್ಳತನ. ಯಾವ ಶಾಸನಸಭೆಯೂ ಮಾಡದ ಈ ಕಾಯಿದೆ ನಮ್ಮ ಸಮಾಜದಲ್ಲಿ ಚೆನ್ನಾಗಿ ನಡೆದುಕೊಂಡು ಬಂದಿದೆ. ಸಾಹುಕಾರ ಠಾಣೆಗೆ ಹೋಗಿ ಮಾತನಾಡುತ್ತಾನೆ, ಕಳೆದ ವಸ್ತುವಿನ ಬೆಲೆ ಕಟ್ಟಿಕೊಡುತ್ತಾನೆ, ಮಗನನ್ನು ಬೇರೆ ಊರಿನ ಹಾಸ್ಟೆಲಿಗೆ ಸೇರಿಸುತ್ತಾನೆ. ಅಲ್ಲಿಗೆ ಪ್ರಕರಣ ಮುಗಿಯಿತು. ಬಡ ಹುಡುಗನ ತಾಯಿಯಾದರೋ ಹೊಸದುರ್ಗದಿಂದಲೋ ಹೊಳಲ್ಕೆರೆಯಿಂದಲೋ ಚಿತ್ರದುರ್ಗಕ್ಕೆ ಬಂದು ದಿನವೆಲ್ಲ ಕಾಯಬೇಕು. ಶಕ್ತಿ ಯೋಜನೆಯಿಂದ ಸರ್ಕಾರಿ ಬಸ್ಸಿನ ಟಿಕೆಟ್ಟಿನ ದುಡ್ಡು ಉಳಿದೀತು. ಕಳೆದುಹೋದ ದಿನಗೂಲಿಯನ್ನು ಕೊಡುವವರು ಯಾರು? ವಾಯಿದೆಯ ಮೇಲೆ ವಾಯಿದೆ ಬೀಳುವಷ್ಟರಲ್ಲಿ ಹುಡುಗ ಶಾಲೆಯನ್ನೂ ಬಿಟ್ಟಿರುತ್ತಾನೆ.

ಕಾಯಿದೆ ಕೆಟ್ಟದ್ದೆಂದು ನಾವು ಹೇಳುತ್ತಿಲ್ಲ. 1964ರಲ್ಲೇ ನಮ್ಮ ರಾಜ್ಯ ಮಕ್ಕಳ ಕಾಯಿದೆಯೊಂದನ್ನು ಮಾಡಿತ್ತು. 2016ರ ಜನವರಿಯಿಂದ ಜಾರಿಯಲ್ಲಿರುವ 2015ರ ಬಾಲ ನ್ಯಾಯ ಕಾಯಿದೆ ಇನ್ನೂ ಮುಂದೆ ಹೋಗಿದೆ. ಹದಿನೆಂಟು ತುಂಬದವರನ್ನು ಸಾಧ್ಯವಾದಷ್ಟೂ ನ್ಯಾಯಾಲಯದ ದಾರಿಯಿಂದ ಬೇರೆಡೆಗೆ ತಿರುಗಿಸಬೇಕು, ಕೂಡಿಹಾಕುವುದು ಕಟ್ಟಕಡೆಯ ಉಪಾಯವಾಗಬೇಕು ಎಂಬುದು ಅದರ ತತ್ವ. ಬುದ್ಧಿ ಹೇಳಿ ಮನೆಗೆ ಕಳುಹಿಸುವುದು, ಸಮಾಜಸೇವೆ ಮಾಡಿಸುವುದು, ಪರಿವೀಕ್ಷಣಾಧಿಕಾರಿಯ ನಿಗಾದಲ್ಲಿ ಬಿಡುವುದು, ಎಲ್ಲಕ್ಕೂ ಅಲ್ಲಿ ಅವಕಾಶವಿದೆ. ಮೂರು ವರ್ಷದವರೆಗಿನ ಶಿಕ್ಷೆಯ ಸಣ್ಣ ಅಪರಾಧವಾದರೆ ವಿಚಾರಣೆ ನಾಲ್ಕು ತಿಂಗಳಲ್ಲಿ ಮುಗಿಯಬೇಕು. ಹೆಚ್ಚೆಂದರೆ ಇನ್ನೆರಡು ತಿಂಗಳು. ಘೋರ ಅಪರಾಧಗಳ ಮಾತು ಬೇರೆ. ಇಲ್ಲಿ ನಾವು ಆಡುತ್ತಿರುವುದು ಸಂತೆಯಲ್ಲಿ ಫೋನು ಎತ್ತಿಕೊಂಡ ಹುಡುಗನ ಮಾತು.

ಆದರೆ ಬುದ್ಧಿ ಹೇಳುವುದಕ್ಕೆ ಒಬ್ಬ ಮನುಷ್ಯ ಬೇಕು. ಹುಡುಗನ ಮನೆಗೆ ಹೋಗಿ, ತಂದೆಯ ಕುಡಿತ, ಮನೆಯ ಸಾಲ, ಬಿಟ್ಟ ಶಾಲೆ ಎಲ್ಲವನ್ನೂ ಕಣ್ಣಾರೆ ಕಂಡು ವರದಿ ಬರೆಯುವವನು ಬೇಕು. ಅವನಿಗೆ ಸಂಬಳ ಬೇಕು, ಓಡಾಟದ ಖರ್ಚು ಬೇಕು. ಈ ಕೆಲಸದ ಹಣ ಬರುವುದು ಮಿಷನ್ ವಾತ್ಸಲ್ಯ ಯೋಜನೆಯಿಂದ. ನೂರಕ್ಕೆ ಅರವತ್ತು ಕೇಂದ್ರದ್ದು, ನಲವತ್ತು ರಾಜ್ಯದ್ದು. ಯೋಜನೆಯ ನೌಕರರಲ್ಲಿ ಹೆಚ್ಚಿನವರು ಗುತ್ತಿಗೆಯವರು. ತನ್ನ ನಾಳೆಯ ಅನ್ನಕ್ಕೇ ಭರವಸೆಯಿಲ್ಲದವನು ಇನ್ನೊಬ್ಬರ ಮಗನ ನಾಳೆಯನ್ನು ತಿದ್ದಬೇಕಂತೆ! ಅಡಿಕೆ, ತೆಂಗಿನ ತೋಟಗಳಿಂದ ಹಿಡಿದು ಹಿರಿಯೂರಿನ ಹೆದ್ದಾರಿಯವರೆಗೆ ಹರಡಿರುವ ಜಿಲ್ಲೆಯನ್ನು ಜಿಲ್ಲಾ ಕೇಂದ್ರದ ಒಂದು ಕಛೇರಿ ನೋಡಿಕೊಳ್ಳುವುದು ಆಗದ ಮಾತು.

"ಕಳ್ಳರಿಗೆ ನಮ್ಮ ತೆರಿಗೆಯ ಹಣವೇ?" ಎಂದು ಅಂಗಡಿಯ ಬಂಧುಗಳು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ನ್ಯಾಯಾಲಯ ಅಂಗಡಿಯ ಬೀಗ ಕಾಯುವುದಿಲ್ಲ. ಪಳಗಿದ ಪುಂಡರ ಸಹವಾಸಕ್ಕೆ ಬಿದ್ದ ಹುಡುಗ ನಾಳೆ ಅದೇ ಅಂಗಡಿಗೆ ಬಂದಾನು. ಕಸುಬು ಕಲಿತವನು ಗಿರಾಕಿಯಾಗಿ ಬಂದಾನು. ನ್ಯೂಜಿಲೆಂಡಿನಲ್ಲಿ 1989ರ ಕಾಯಿದೆಯ ಪ್ರಕಾರ ತಪ್ಪು ಮಾಡಿದ ಹುಡುಗ, ಅವನ ಮನೆಯವರು, ನಷ್ಟಕ್ಕೊಳಗಾದವರು, ಪೋಲೀಸರು ಒಟ್ಟಿಗೆ ಕುಳಿತು, ನಷ್ಟ ತುಂಬುವ ಬಗೆಯನ್ನು ತೀರ್ಮಾನಿಸುತ್ತಾರೆ. ನಷ್ಟಪಟ್ಟ ವ್ಯಾಪಾರಿಯ ಮಾತಿಗೆ ಅಲ್ಲಿ ಬೆಲೆಯಿದೆ.

ಇದನ್ನು ನಮ್ಮ ಹಳ್ಳಿಯ ಕಟ್ಟೆಪಂಚಾಯಿತಿ ಎಂದು ಯಾರೂ ತಿಳಿಯಬಾರದು. ಕಟ್ಟೆಯ ಮೇಲೆ ಕೂರುವವರು ಯಾರು, ಕೆಳಗೆ ಕೈಕಟ್ಟಿ ನಿಲ್ಲುವವರು ಯಾವ ಕೇರಿಯವರು ಎಂಬುದು ನಮಗೆ ಗೊತ್ತು. ಧಣಿಯ ದಯೆ ಬೇಡ. ಸರ್ಕಾರದ ಹಣ, ಕಾಯಿದೆಯ ಹೊಣೆ, ಲೆಕ್ಕ ಕೇಳುವ ಹಕ್ಕು ಬೇಕು.

ಆದ್ದರಿಂದ ನಮ್ಮ ಒತ್ತಾಯ ಇಷ್ಟು: ತಾಲ್ಲೂಕಿಗೊಬ್ಬ ಖಾಯಂ ಪರಿವೀಕ್ಷಣಾಧಿಕಾರಿ ಮತ್ತು ಒಬ್ಬ ಆಪ್ತ ಸಮಾಲೋಚಕರು, ಬಾಲ ನ್ಯಾಯ ಮಂಡಳಿ ಸರದಿಯಂತೆ ತಾಲ್ಲೂಕುಗಳಿಗೇ ಬಂದು ಕೂರುವ ಏರ್ಪಾಡು, ಶಾಲೆ ಬಿಟ್ಟವನಿಗೆ ಶಾಲೆ, ದೊಡ್ಡವನಾದರೆ ಭತ್ಯೆಯೊಡನೆ ಕಸುಬಿನ ತರಬೇತಿ. ಇದಕ್ಕೆ ರಾಜ್ಯದ ಆಯವ್ಯಯದಲ್ಲಿ ಪ್ರತ್ಯೇಕ ಹಣ ಇಡಬೇಕು. ಕಾಯಿದೆಯ 105ನೇ ಪ್ರಕರಣ ಅದಕ್ಕೆಂದೇ ಬಾಲ ನ್ಯಾಯ ನಿಧಿಗೆ ಅವಕಾಶ ಕೊಟ್ಟಿದೆ.

ಶ್ರೀಮಂತನ ಮಗನಿಗೆ ನ್ಯಾಯಾಲಯದ ಬಾಗಿಲಿನಿಂದ ಹಿಂದಿರುಗುವ ದಾರಿ ಹಿಂದಿನಿಂದಲೂ ತೆರೆದೇ ಇದೆ. ಅದರ ಖರ್ಚನ್ನು ಅವನ ಅಪ್ಪ ಕೊಡುತ್ತಾನೆ. ಬಡವನ ಮಗನಿಗೆ ಆ ಖರ್ಚನ್ನು ಸರ್ಕಾರ ಕೊಡಲಿ. ಮಿಲ್ಲಿನ ಸಂಘಗಳೂ ವರ್ತಕರ ಸಂಘಗಳೂ ಈ ಬೇಡಿಕೆಯನ್ನು ಒಟ್ಟಾಗಿ ತಮ್ಮ ಶಾಸಕರ ಮುಂದಿಡಲಿ.