ಕುದುರೆಯ ನಾಡಿ ಹಿಡಿದವರು

ಮಾಥೇರಾನಿಗೆ ಹೋಗಿ ಬಂದ ನಮ್ಮ ಸಂಘದ ಹುಡುಗ ಹುಡುಗಿಯರೆಲ್ಲ ಕುದುರೆಯ ಮೇಲೆ ಕೂತ ಫೋಟೋ ತೋರಿಸುತ್ತಾರೆ. ಅದರಲ್ಲಿ ಸವಾರ ಹಲ್ಲು ಕಿರಿಯುತ್ತಿರುತ್ತಾನೆ, ಕುದುರೆ ಮಾತ್ರ ಇನ್ನೆಲ್ಲೋ ನೋಡುತ್ತಿರುತ್ತದೆ. "ಆಂಟಿ, ನಮ್ಮದೇ ಒಂದು ಕುದುರೆ ಇದ್ದಿದ್ದರೆ!" ಎಂದು ಅವರಲ್ಲೊಬ್ಬಳು ನಿಟ್ಟುಸಿರು ಬಿಟ್ಟದ್ದರಿಂದ ಈ ಸಲದ ಅಂಕಣ ಕುದುರೆಗೇ ಮೀಸಲು.

ನಾನು ಬಿ.ಎ.ಯಲ್ಲಿ ಓದಿದ ಷೇಕ್ಸ್‌ಪಿಯರನ ನಾಟಕದಲ್ಲಿ ಮೂರನೆಯ ರಿಚರ್ಡ್ ಒಂದು ಕುದುರೆಗಾಗಿ ತನ್ನ ರಾಜ್ಯವನ್ನೇ ಕೊಡಲು ಹೊರಡುತ್ತಾನೆ. ರಾಜ್ಯ ಕೊಟ್ಟು ಕುದುರೆ ಕೊಳ್ಳಬಹುದು ಮಕ್ಕಳೇ, ಆದರೆ ಕೊಂಡ ಕುದುರೆಯನ್ನು ಸಾಕುವುದಕ್ಕೆ ಇನ್ನೊಂದು ರಾಜ್ಯ ಬೇಕು. ಅದು ದಿನಕ್ಕೆ 25ರಿಂದ 45 ಲೀಟರ್ ನೀರು ಕುಡಿಯುತ್ತದೆ. ಬೇಸಿಗೆಯಲ್ಲಿ ನಮ್ಮ ಸೊಸೈಟಿಯ ಟ್ಯಾಂಕರ್ ಲೆಕ್ಕ ನೆನಪಿಸಿಕೊಳ್ಳಿ. ದಿನಕ್ಕೆ ಹದಿನೈದು ಇಪ್ಪತ್ತು ಕಿಲೋ ಲದ್ದಿ ಹಾಕುತ್ತದೆ. ನಾಯಿ ಸಾಕಿದ್ದಕ್ಕೇ ವಾರ್ಷಿಕ ಸಭೆಯಲ್ಲಿ ಎರಡು ಗಂಟೆ ಜಗಳವಾಗುವ ಸಾನಪಾಡಾದಲ್ಲಿ ಈ ವಿಷಯವನ್ನು ಸೆಕ್ರೆಟರಿಯವರ ಮುಂದೆ ಇಡುವ ಧೈರ್ಯ ಯಾರಿಗಿದೆ? ಆರೆಂಟು ವಾರಕ್ಕೊಮ್ಮೆ ಗೊರಸು ಕತ್ತರಿಸಿ ಹೊಸ ಲಾಳ ಕಟ್ಟಿಸಬೇಕು. ನಮ್ಮ ಮನೆಯಲ್ಲಿ ಮಕ್ಕಳಿಗೆ ಶೂ ಕೊಡಿಸಿದ್ದು ವರ್ಷಕ್ಕೊಂದೇ ಜೊತೆ, ಅದೂ ಜೂನ್ ತಿಂಗಳಲ್ಲಿ.

ಇನ್ನು ಅದರ ಹೊಟ್ಟೆ. ಇಷ್ಟು ದೊಡ್ಡ ಪ್ರಾಣಿಗೆ ವಾಂತಿ ಮಾಡಲು ಬರುವುದಿಲ್ಲ. ತಿಂದದ್ದು ಹಿಡಿಸದಿದ್ದರೆ ಹೊರಗೆ ಹಾಕುವ ದಾರಿಯೇ ಇಲ್ಲ. ಹೊಟ್ಟೆನೋವು ಬಂದರೆ ಪ್ರಾಣಕ್ಕೇ ಬರಬಹುದು. ಹಾಗಾಗಿ ಕುದುರೆ ಸಾಕಿದವರು ಅದರ ಪಕ್ಕೆಗೆ ಕಿವಿಯಿಟ್ಟು ಕೇಳುತ್ತಾರೆ. ಒಳಗೆ ಗುಡುಗುಡು ಎನ್ನುತ್ತಿದ್ದರೆ ಪರಮಾನಂದ, ನಿಶ್ಶಬ್ದವಾದರೆ ಡಾಕ್ಟರರಿಗೆ ಫೋನು, ಆಮೇಲೆ ನಡುರಾತ್ರಿಯಲ್ಲಿ ಹಗ್ಗ ಹಿಡಿದು ಅದರ ಜೊತೆ ಸುತ್ತು ಹಾಕುವುದು. ಸಿಡಿಲಿಗೆ ಅಂಜದ ಕುದುರೆ ಗಾಳಿಗೆ ಹಾರಿದ ಪ್ಲಾಸ್ಟಿಕ್ ಚೀಲ ಕಂಡು ಹೌಹಾರುವುದೂ ಉಂಟು. ನಾವು ಸಾರು ಮಾಡುವ ಹುರುಳಿ, ವಾಶಿ ಮಾರ್ಕೆಟ್ಟಿನಲ್ಲಿ ಕುಳೀತ್ ಎಂದು ಸಿಗುತ್ತದಲ್ಲ, ಅದೇ ಕುದುರೆಯ ಬೇಯಿಸಿದ ಊಟ. ಒಂದೇ ಅಡಿಗೆಯಲ್ಲಿ ಮನೆಯವರಿಗೂ ಅದಕ್ಕೂ ಮುಗಿಯುತ್ತದೆ ಎಂಬುದೊಂದೇ ಗೃಹಿಣಿಗೆ ಸಮಾಧಾನ.

ಇಷ್ಟೆಲ್ಲ ಸೇವೆ ಮಾಡಿದವರು ಸುಮ್ಮನಿರದೆ ಒಂದು ಆಟವನ್ನೂ ಕಟ್ಟಿಕೊಂಡಿದ್ದಾರೆ. ಎಂಡ್ಯೂರೆನ್ಸ್ ರೈಡಿಂಗ್ ಎಂದು ಹೆಸರು. ಮಹಾಲಕ್ಷ್ಮಿ ರೇಸ್‌ಕೋರ್ಸಿನ ಓಟ ಎರಡು ಮೂರು ನಿಮಿಷದಲ್ಲಿ ಮುಗಿದರೆ, ಇದು ಬೆಳಗಿನಿಂದ ಸಂಜೆಯವರೆಗೆ, ಕೆಲವೊಮ್ಮೆ ರಾತ್ರಿಯೂ, ಕಾಡು ಗುಡ್ಡ ಹೊಳೆ ದಾಟಿ ಹೋಗುವ ಸವಾರಿ. 1955ರಲ್ಲಿ ಕ್ಯಾಲಿಫೋರ್ನಿಯಾದ ವೆಂಡೆಲ್ ರೋಬಿ ಮತ್ತು ಅವನ ಸಂಗಡಿಗರು ನೂರು ಮೈಲಿಯನ್ನು, ಅಂದರೆ 160 ಕಿಲೋಮೀಟರನ್ನು, ಒಂದೇ ದಿನದಲ್ಲಿ ಸಾಗಿ ತೋರಿಸಿದರು. ಅದೇ ಟೆವಿಸ್ ಕಪ್. ಅಲ್ಲಿ ಹೊರಟವರಲ್ಲಿ ಸುಮಾರು ಅರ್ಧದಷ್ಟು ಮಂದಿ ಮಾತ್ರ ಕೊನೆ ಮುಟ್ಟುತ್ತಾರೆ. ಮುಟ್ಟಿದವರಿಗೆ ಬೆಲ್ಟಿನ ಬೆಳ್ಳಿಯ ಬಕಲ್, ಅಷ್ಟೇ.

ಈ ಆಟದಲ್ಲಿ ನನಗೆ ಇಷ್ಟವಾದದ್ದು ಅದರ ನಿಯಮ. ದಾರಿಯನ್ನು ತುಂಡು ತುಂಡಾಗಿ ಮಾಡಿ, ಪ್ರತಿ ತುಂಡಿನ ಕೊನೆಯಲ್ಲಿ ಪಶುವೈದ್ಯರನ್ನು ನಿಲ್ಲಿಸಿರುತ್ತಾರೆ. ಸವಾರ ಇಳಿದು ಕುದುರೆಯ ಕುತ್ತಿಗೆಗೆ ನೀರು ಸುರಿದು ತಂಪು ಮಾಡುತ್ತಾನೆ. ಗೊತ್ತುಮಾಡಿದ ಕೆಲವೇ ನಿಮಿಷಗಳಲ್ಲಿ ಅದರ ನಾಡಿ ಸಾಮಾನ್ಯವಾಗಿ 64ಕ್ಕೆ ಇಳಿಯಬೇಕು. ಸುಮ್ಮನೆ ನಿಂತ ಕುದುರೆಯ ನಾಡಿ ಮೂವತ್ತು ನಲವತ್ತು, ಓಡುವಾಗ ಅದರ ಹಲವು ಪಟ್ಟು. ವೈದ್ಯರು ವಸಡು ಒತ್ತಿ ನೋಡುತ್ತಾರೆ, ಚರ್ಮ ಚಿವುಟಿ ನೋಡುತ್ತಾರೆ, ಹೊಟ್ಟೆಯ ಗುಡುಗುಡು ಕೇಳುತ್ತಾರೆ, ನಾಲ್ಕು ಹೆಜ್ಜೆ ಓಡಿಸಿ ಕುಂಟು ಇದೆಯೇ ಎಂದು ನೋಡುತ್ತಾರೆ. ಯಾವುದು ಸರಿಯಿಲ್ಲದಿದ್ದರೂ ಆಟ ಅಲ್ಲಿಗೇ ಮುಗಿಯಿತು. ಎಲ್ಲರಿಗಿಂತ ಮೊದಲು ಬಂದವನಾದರೂ ಸರಿ, ಮನೆಗೆ. ಸವಾರನ ಕಾಲು ಸೋತಿತೋ ಬೆನ್ನು ಮುರಿಯಿತೋ, ಅದನ್ನು ಇಷ್ಟು ಅಕ್ಕರೆಯಿಂದ ಯಾರೂ ವಿಚಾರಿಸುವುದಿಲ್ಲ. ಕಡಿದಾದ ಏರಿನಲ್ಲಿ ಎಷ್ಟೋ ಸವಾರರು ಇಳಿದು ಕುದುರೆಯ ಪಕ್ಕದಲ್ಲಿ ತಾವೇ ಓಡುತ್ತಾರಂತೆ. 1973ರಲ್ಲಿ ಗೋರ್ಡಿ ಐನ್ಸ್‌ಲೀ ಎಂಬವನ ಕುದುರೆ ನಡುದಾರಿಯಲ್ಲಿ ಕುಂಟಿತು. ಮರುವರ್ಷ ಅವನು ಕುದುರೆಯನ್ನೇ ಬಿಟ್ಟು ಬಂದು, ಆ ನೂರು ಮೈಲಿಯನ್ನು 23 ಗಂಟೆ 42 ನಿಮಿಷದಲ್ಲಿ ಕಾಲಿನಲ್ಲೇ ಓಡಿ ಮುಗಿಸಿದ. ಇಂದು ಜಗತ್ತಿನಲ್ಲಿ ನಡೆಯುವ ನೂರು ಮೈಲಿಯ ಎಷ್ಟೋ ಓಟಗಳಿಗೆ ಅದೇ ನಾಂದಿ.

ಇದೆಲ್ಲ ಪರದೇಶದವರ ಹವ್ಯಾಸ ಎನ್ನಬೇಡಿ. ಕನಕದಾಸರು ಭಾಮಿನಿ ಷಟ್ಪದಿಯಲ್ಲಿ ಹೇಳಿದ ನಳನ ಕಥೆ ನಿಮ್ಮ ಅಜ್ಜಿಯಂದಿರಿಗೆ ಗೊತ್ತು, ಕೇಳಿ ನೋಡಿ. ಮಹಾಭಾರತದ ನಳೋಪಾಖ್ಯಾನದಲ್ಲಿ ಬಾಹುಕನೆಂಬ ವೇಷದಲ್ಲಿದ್ದ ನಳ, ಋತುಪರ್ಣನನ್ನು ಅಯೋಧ್ಯೆಯಿಂದ ವಿದರ್ಭಕ್ಕೆ ಒಂದೇ ದಿನದಲ್ಲಿ ಮುಟ್ಟಿಸಬೇಕಾಗಿತ್ತು. ಅವನು ಲಾಯದಿಂದ ಆರಿಸಿ ತಂದದ್ದು ಬಡಕಲು ಕುದುರೆಗಳನ್ನು. ರಾಜನಿಗೆ ಸಿಟ್ಟೇ ಬಂತು. ಆದರೆ ದೂರದ ದಾರಿಗೆ ಕೊಬ್ಬಿದ ಕುದುರೆ ಬಾರದೆಂದು ನಳನಿಗೆ ಗೊತ್ತಿತ್ತು. ಇಂದೂ ಈ ಸ್ಪರ್ಧೆಗಳಲ್ಲಿ ಮುಂದೆ ಇರುವುದು ತೆಳು ಮೈಯ ಅರಬ್ಬಿ ಕುದುರೆಗಳೇ. ಊರು ಮುಟ್ಟಿದ ಮೇಲೆ ರಾಜ ಅರಮನೆಯೊಳಕ್ಕೆ ಹೋದ. ನಳ ಕುದುರೆಗಳನ್ನು ಬಿಚ್ಚಿ, ಶಾಸ್ತ್ರದ ಪ್ರಕಾರ ಉಪಚರಿಸಿ, ಸಮಾಧಾನ ಮಾಡಿದ ಮೇಲೆ ತಾನು ಕೂತ. ದಮಯಂತಿಯ ಕಣ್ಣಿಗೆ ಬೀಳುವ ಮೊದಲೇ ಅವನ ಗುರುತು ಹಿಡಿದದ್ದೂ ಕುದುರೆಗಳೇ. ಅಲ್ಲಿ ಲಾಯದಲ್ಲಿದ್ದ ಅವನ ಹಳೆಯ ಕುದುರೆಗಳು ರಥದ ಸದ್ದು ಕೇಳಿ ಕುಣಿದಾಡಿದವು.

ನಮ್ಮ ಕಾಲದವರೂ ಒಬ್ಬರಿದ್ದಾರೆ. ಕೇರಳದ ತಿರೂರಿನ ಮನೆತನದ ನಿದಾ ಅಂಜುಮ್ ಚೇಲಾಟ್, ನಿಮ್ಮಂತೆಯೇ ಊರು ಬಿಟ್ಟು ಬೆಳೆದ ಹುಡುಗಿ, ದುಬೈಯಲ್ಲಿ ಸವಾರಿ ಕಲಿತಳು. 2023ರಲ್ಲಿ ಫ್ರಾನ್ಸಿನಲ್ಲಿ ನಡೆದ ಯುವ ಸವಾರರ ವಿಶ್ವ ಚಾಂಪಿಯನ್‌ಶಿಪ್ಪಿನಲ್ಲಿ ಎಪ್ಸಿಲಾನ್ ಸಾಲೂ ಎಂಬ ಕುದುರೆಯೊಡನೆ 120 ಕಿಲೋಮೀಟರ್ ಮುಗಿಸಿದ ಮೊದಲ ಭಾರತೀಯಳಾದಳು. ಪದಕ ಬರಲಿಲ್ಲ. ಅಷ್ಟೂ ಕಡೆ ವೈದ್ಯರು ಅವಳ ಕುದುರೆಯನ್ನು ಮುಟ್ಟಿ ನೋಡಿ "ಮುಂದೆ ಹೋಗು" ಎಂದರಲ್ಲ, ನನ್ನ ಮಟ್ಟಿಗೆ ಪದಕಕ್ಕಿಂತ ಅದು ದೊಡ್ಡದು.

ನಿಮ್ಮ ಮಾಥೇರಾನಿಗೆ ಬರೋಣ. ಸಾನಪಾಡಾದಿಂದ ಠಾಣೆ, ಅಲ್ಲಿಂದ ಕರ್ಜತ್ ಲೋಕಲ್ಲಿನಲ್ಲಿ ನೇರಳ್, ಮತ್ತೆ ಘಾಟಿ ಏರಿದರೆ ದಸ್ತೂರಿ ನಾಕಾ. ಪ್ರವಾಸಿಗರ ಕಾರುಗಳು ಅಲ್ಲೇ ನಿಲ್ಲಬೇಕು, ಕುದುರೆಯವರು ಅಲ್ಲೇ ಕಾದಿರುತ್ತಾರೆ. ಅವರಿಗೆ ಕುದುರೆ ಹವ್ಯಾಸವಲ್ಲ, ಅನ್ನ. ಸುಪ್ರೀಂ ಕೋರ್ಟು 2022ರಲ್ಲಿ ಪ್ರಾಯೋಗಿಕವಾಗಿ ಇ-ರಿಕ್ಷಾಗಳಿಗೆ ಒಪ್ಪಿಗೆ ಕೊಟ್ಟಿತು. ಮನುಷ್ಯರು ಎಳೆಯುವ ರಿಕ್ಷಾಗಳನ್ನು ಆರು ತಿಂಗಳಲ್ಲಿ ನಿಲ್ಲಿಸಬೇಕೆಂದು 2025ರಲ್ಲಿ ಹೇಳಿತು. ಮನುಷ್ಯನನ್ನು ಮನುಷ್ಯ ಎಳೆಯುವುದು ನಿಲ್ಲಬೇಕಾದದ್ದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಇ-ರಿಕ್ಷಾ ಬಂದರೆ ತಮ್ಮ ಗಿರಾಕಿ ಹೋದರು ಎಂಬ ಕುದುರೆಯವರ ಚಿಂತೆಯೂ ಸುಳ್ಳಲ್ಲ. ಗಿರಾಕಿ ಕಡಿಮೆಯಾದ ದಿನ ಮೊದಲು ಕಡಿತವಾಗುವುದು ಯಾರ ಹುರುಳಿ ಎಂದು ನಾನು ಹೇಳಬೇಕಾಗಿಲ್ಲ.

ಹಾಗಾಗಿ ಬಾಡಿಗೆ ಚೌಕಾಸಿಗೆ ಮೊದಲು ನೀವೇ ಐದು ನಿಮಿಷ ಪಶುವೈದ್ಯರಾಗಿ. ಪಕ್ಕೆಲುಬು ಎಣಿಸುವ ಹಾಗಿದೆಯೇ? ಜೀನಿನ ಕೆಳಗೆ ಹುಣ್ಣಿದೆಯೇ? ಒಂದು ಕಾಲನ್ನು ಮೆಲ್ಲಗೆ ಊರುತ್ತದೆಯೇ? ಬೆಳಗಿನಿಂದ ಎಷ್ಟು ಸುತ್ತಾಯಿತು, ನೀರು ಯಾವಾಗ ಕುಡಿಸಿದಿರಿ ಎಂದು ಕೇಳಿ. ಹೆಮ್ಮೆಯಿಂದ ಸಾಕಿದವರು ಹೆಸರಿನಿಂದ ಹಿಡಿದು ಅದರ ತುಂಟತನದವರೆಗೆ ಎಲ್ಲವನ್ನೂ ಹೇಳುತ್ತಾರೆ. ಅಂಥವರ ಕುದುರೆಯನ್ನೇ ಹತ್ತಿ, ಅವರು ಕೇಳಿದ್ದಕ್ಕಿಂತ ಹತ್ತು ರೂಪಾಯಿ ಹೆಚ್ಚೇ ಕೊಡಿ. ನಿಮ್ಮ ತೂಕ ಜಾಸ್ತಿಯಿದ್ದರೆ ನಡೆಯಿರಿ, ನೆರಳಿನ ದಾರಿ ಚೆನ್ನಾಗಿದೆ. ಪರೀಕ್ಷೆ ಮಾಡುವ ಉತ್ಸಾಹದಲ್ಲಿ ಹಿಂದಿನಿಂದ ಮಾತ್ರ ಹೋಗಬೇಡಿ. ಒದೆ ಬಿದ್ದರೆ ನಿಮ್ಮ ಅಮ್ಮಂದಿರು ಫೋನು ಮಾಡುವುದು ನನಗೆ.